ಆಯುಧಪೂಜೆಗೆ ಕೂತ ಡ್ರಮ್ಮು

ಮೆತ್ತಗೆ ಮಾತಾಡುವುದೂ ಒಂದು ವಿದ್ಯೆ. ನನಗೆ ಅದು ಒಲಿಯಲೇ ಇಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಹುಟ್ಟಿದವರ ಪಾಡೇ ಇಷ್ಟು. ಗೋಡೆಯಾಚೆ ಕರೆಂಟು ಮಗ್ಗಗಳು ಧಡಧಡ ಬಡಿಯುತ್ತಿರುವಾಗ ತೊಟ್ಟಿಲಲ್ಲಿರುವ ಕೂಸು ಕೂಡ ಹಾಲು ಬೇಕೆಂದರೆ ಮಗ್ಗವನ್ನು ಮೀರಿಸಿ ಅಳಬೇಕು. ಹಾಗೆ ಅತ್ತು ಅತ್ತು ಬೆಳೆದ ಗಂಟಲು ನಮ್ಮದು. ನಾವು ಗುಟ್ಟು ಹೇಳಿದರೆ ಎದುರು ಮನೆಯವರು ಸಲಹೆ ಕೊಡುತ್ತಾರೆ. ನನ್ನ ಹೆಂಡತಿ ಲತಾ ದೇವನಹಳ್ಳಿಯವಳು, ಮಗ್ಗ ಕಾಣದ ಮನೆಯಿಂದ ಬಂದವಳು. ಮದುವೆಯಾದ ಹೊಸತರಲ್ಲಿ ನಾನು ಪ್ರೀತಿಯಿಂದಲೇ "ಕಾಫಿ ಇದ್ಯಾ?" ಎಂದು ಕೇಳಿದ್ದಕ್ಕೆ ಬೈದೆನೆಂದು ತಿಳಿದು ಅತ್ತುಬಿಟ್ಟಿದ್ದಳು. ಇಂಥ ಗಂಟಲಿಟ್ಟುಕೊಂಡು ಮನುಷ್ಯ ರಾಜಕೀಯಕ್ಕೆ ಹೋಗಬಹುದು, ಇಲ್ಲವೇ ಬಸ್‌ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರಬಹುದು. ನಾನು ಹೆವಿ ಮೆಟಲ್ ಹಾಡುಗಾರನಾದೆ.

ನಗಬೇಡಿ. ಹಗಲಿಡೀ ಸೀರೆ ನೇಯಿಸುವ, ಬೆಳ್ಳುಳ್ಳಿ ತಿಂದರೆ ಹೊಟ್ಟೆ ಉಬ್ಬರಿಸುವ, ತಲೆಯಲ್ಲಿ ಕೂದಲು ಅಲ್ಲೊಂದು ಇಲ್ಲೊಂದು ಉಳಿದಿರುವ ಮನುಷ್ಯ ಈ ಸಂಗೀತ ಹಾಡುತ್ತಾನೆಂದರೆ ನಗು ಬರುವುದು ಸಹಜ. ಹಾಡುವಾಗ ಉದ್ದ ಕೂದಲನ್ನು ಗಿರಗಿರ ತಿರುಗಿಸುವುದು ಈ ಪಂಥದವರ ಪದ್ಧತಿ. ನಾನು ತಿರುಗಿಸಿದರೆ ತಿರುಗುವುದು ಕುತ್ತಿಗೆ ಮಾತ್ರ, ಅದೂ ಒಮ್ಮೊಮ್ಮೆ ವಾಪಸ್ಸು ಬರುವುದಿಲ್ಲ. ಆದರೂ ಕಾಲೇಜಿನ ದಿನಗಳಲ್ಲಿ ನನ್ನ ಗೆಳೆಯ ಮುನಿರಾಜು ಎಲ್ಲಿಂದಲೋ ಒಂದು ಕ್ಯಾಸೆಟ್ ತಂದು ಹಾಕಿದಾಗ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. ಅವತ್ತು ಆ ಗಿಟಾರು, ಆ ಡ್ರಮ್ಮಿನ ಬಡಿತ ಕೇಳಿ ಮುನಿರಾಜು, "ಲೇ, ಇದು ನಮ್ಮ ಮಗ್ಗದ ಶೆಡ್ಡೇ ಕಣೋ! ಯಾರೋ ಅದಕ್ಕೆ ಹಾಡು ಸೇರಿಸವ್ರೆ!" ಎಂದು ಕುಣಿದಾಡಿದ್ದ. ಅವನು ಡ್ರಮ್ ಹಿಡಿದ, ನಾನು ಮೈಕ್ ಹಿಡಿದೆ. ನೆಲಮಂಗಲದ ಅಣ್ಣತಮ್ಮಂದಿರಿಬ್ಬರು ಗಿಟಾರು ಹೊತ್ತುಕೊಂಡು ಬಂದು ಸೇರಿದರು. ಮಗ್ಗದಲ್ಲಿ ನೂಲು ಹೊತ್ತು ಓಡುವ ಲಾಳಿಯ ನೆನಪಿಗೆ ತಂಡಕ್ಕೆ 'ಉಕ್ಕಿನ ಲಾಳಿ' ಎಂದು ಹೆಸರಿಟ್ಟೆವು. ಅಂದಿನಿಂದ ನಮ್ಮದು ಒಂದೇ ಆಸೆ. ನಾವು ಸತ್ತ ಮೇಲೂ ಜನ ಕೇಳುವಂಥ ಒಂದೇ ಒಂದು ಆಲ್ಬಂ ಮಾಡಬೇಕು. ಆದರೆ ಮುಂದಿನ ವರ್ಷ ಮಾಡೋಣ, ಮದುವೆ ಸೀಸನ್ ಮುಗಿಯಲಿ, ಮಗಳ ಪರೀಕ್ಷೆ ಆಗಲಿ ಎನ್ನುತ್ತಾ ಕೂದಲು ಹೋಯಿತು, ಆಲ್ಬಂ ಬರಲಿಲ್ಲ.

ಈ ವರ್ಷ ಮುನಿರಾಜುವಿನ ಬಲ ಭುಜ ಕೈಕೊಟ್ಟಿತು. ಅಂಗಿ ತೊಡಲೂ ಹೆಂಡತಿಯನ್ನು ಕೂಗುವ ಹಾಗಾದಾಗ ಡಾಕ್ಟರಿಗೆ ತೋರಿಸಿದ. ದಸರಾ ಮುಗಿದ ಕೂಡಲೇ ಆಪರೇಷನ್ ಆಗಬೇಕು ಎಂದರು. "ಆಮೇಲೆ ಊಟ ಮಾಡಬಹುದು, ಸ್ಕೂಟರ್ ಓಡಿಸಬಹುದು, ಎಲ್ಲಾ ಮಾಡಬಹುದು. ಆದ್ರೆ ಡ್ರಮ್ ಬಾರಿಸೋದು ಮರ್ತುಬಿಡಿ" ಎಂದರಂತೆ. ಅವನು ಇದನ್ನು ಹೇಳಿದ್ದು ನಮ್ಮ ಶೆಡ್ಡಿನ ಬಾಗಿಲಲ್ಲಿ ನಿಂತು. ಹೇಳಿ, ನಕ್ಕು, ಟೀ ತರಿಸು ಅಂದ. ಇಷ್ಟು ವರ್ಷ ಬಾರಿಸಿದವನ ಒಂದು ಬಡಿತವೂ ಎಲ್ಲೂ ಉಳಿದಿರಲಿಲ್ಲ. ಈಗ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಮೊದಲು ಬೆಂಗಳೂರಿನ ಒಂದು ಸ್ಟುಡಿಯೋಕ್ಕೆ ಹೋದೆವು. ಗೋಡೆಗೆಲ್ಲ ಸ್ಪಂಜು ಮೆತ್ತಿದ್ದ ಕೋಣೆ. ಬಾಗಿಲು ಹಾಕಿದರೆ ನಮ್ಮ ಉಸಿರು ನಮಗೇ ಕೇಳಿ ಗಾಬರಿಯಾಗುತ್ತಿತ್ತು. ಮುನಿರಾಜು ಕೋಲು ಹಿಡಿದು ಕೂತ, ಎತ್ತಿದ, ಇಳಿಸಿದ, ಬೆವೆತ. "ಇಲ್ಲಿ ಆಗಲ್ಲ ಕಣೋ. ಹೆಣ ಇಟ್ಟಿರೋ ಮನೇಲಿ ಕೂತಂಗೆ ಆಯ್ತದೆ" ಎಂದು ಎದ್ದುಬಿಟ್ಟ. ಅಲ್ಲಿ ಸಿಕ್ಕವನೇ ಕಿರಣ್, ಸೌಂಡ್ ಇಂಜಿನಿಯರ್, ಸಾಧು ಹುಡುಗ. ನಮ್ಮ ಕಷ್ಟ ಕೇಳಿ, "ಸರ್, ನಾನೇ ನಿಮ್ಮ ಶೆಡ್ಡಿಗೆ ಬರ್ತೀನಿ. ಆದ್ರೆ ಮಗ್ಗದ ಸದ್ದು ಇರಬಾರದು" ಎಂದ. ಅದೇ ಕಷ್ಟ. ನಮ್ಮ ಮಗ್ಗ ನಿಲ್ಲಿಸಬಹುದು, ಬೀದಿಯದನ್ನು ನಿಲ್ಲಿಸುವವರು ಯಾರು? ಭಾನುವಾರವೂ ಓಡುತ್ತವೆ. ಕರೆಂಟು ಹೋದರೆ ಊರೆಲ್ಲ ಗಪ್‌ಚಿಪ್ ಆಗುವುದೇನೋ ನಿಜ, ಆಗ ಗಿಟಾರೂ ಗಪ್‌ಚಿಪ್. ತಲೆ ಕೆರೆದುಕೊಂಡು ಕೂದಲಿನ ಪಾಡು ಇನ್ನಷ್ಟು ಕೆಟ್ಟ ಮೇಲೆ ನನಗೆ ಹೊಳೆಯಿತು, ಆಯುಧಪೂಜೆ! ಕರೆಂಟಿದ್ದೂ ಇಡೀ ಊರಿನ ಮಗ್ಗಗಳು ಸುಮ್ಮನಿರುವುದು ಅದೊಂದೇ ದಿನ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಲತಾ ಮಾತ್ರ, "ಅತ್ತೆಗೆ ಒಂದ್ ಮಾತು ಕೇಳಿ" ಎಂದಳು. ಹೆಂಗಸರಿಗೆ ಎಲ್ಲದಕ್ಕೂ ಅನುಮಾನ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಿಂದಿನ ದಿನವೇ ಡ್ರಮ್ಮು, ಗಿಟಾರು, ಮೈಕು ಎಲ್ಲವನ್ನೂ ಶೆಡ್ಡಿನ ನಡುವೆ ಜೋಡಿಸಿಟ್ಟೆವು. ಹಬ್ಬದ ಬೆಳಿಗ್ಗೆ ಕಿರಣ್ ಬಂದು ತನ್ನ ಲ್ಯಾಪ್‌ಟಾಪನ್ನೂ ಅಲ್ಲೇ ಇಟ್ಟ. ಎಲ್ಲರೂ ಒಳಗೆ ಕೂತು ಇಡ್ಲಿ ತಿಂದೆವು. ಬೀದಿಯಲ್ಲಿ ಅಪರೂಪದ ಮೌನ. ಗುಬ್ಬಿ ಕೂಗುವುದು ಕೇಳುತ್ತಿತ್ತು! "ಆಹಾ, ಎಂಥಾ ಸೈಲೆನ್ಸು ಸರ್" ಎಂದ ಕಿರಣ್. ಕೈ ತೊಳೆದು ಶೆಡ್ಡಿಗೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ಮಗ್ಗಗಳಿಗೆಲ್ಲ ವಿಭೂತಿ ಬಳಿದು, ಬಾಳೆಕಂದು ಕಟ್ಟಿ, ಮಾವಿನ ಸೊಪ್ಪು ಸಿಕ್ಕಿಸಿದ್ದಾಗಿತ್ತು, ಸರಿ. ಅದರ ಜೊತೆಗೆ ದೊಡ್ಡ ಡ್ರಮ್ಮಿನ ಹೊಟ್ಟೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಗಿಟಾರುಗಳಿಗೆ ಸೇವಂತಿಗೆ ಹಾರ. ಮೈಕಿನ ತಲೆಯ ಮೇಲೆ ಚೆಂಡುಹೂವು. ಬಾರಿಸುವ ಕೋಲುಗಳು ಅರಿಶಿನ ಹಚ್ಚಿಕೊಂಡು ತಟ್ಟೆಯಲ್ಲಿ ಲಾಳಿಗಳ ಪಕ್ಕ ಮಲಗಿದ್ದವು. ಅಮ್ಮ ಕರ್ಪೂರದ ಆರತಿ ಮುಗಿಸಿ ಕೈ ಮುಗಿಯುತ್ತಾ ನಿಂತಿದ್ದಳು.

"ಅಮ್ಮಾ! ಇದೇನ್ ಮಾಡ್ಬಿಟ್ಟೆ!"

"ಯಾಕಪ್ಪಾ? ನಿಮ್ಮ ಕೆಲ್ಸ ಚೆನ್ನಾಗ್ ಆಗ್ಲಿ ಅಂತ ಮೊದ್ಲು ನಿಮ್ಮ ಡ್ರಮ್ಮಿಗೇ ಪೂಜೆ ಮಾಡ್ದೆ. ಆಮೇಲೆ ಮಗ್ಗಕ್ಕೆ."

"ನಾವು ಇವತ್ತೇ ಬಾರಿಸಬೇಕಲ್ಲಮ್ಮ!"

ಅಮ್ಮ ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಪೂಜೆಗೆ ಕೂತಿರೋ ಆಯುಧನ ಮುಟ್ತೀಯಾ? ವರ್ಷೆಲ್ಲಾ ನಿಮಗೋಸ್ಕರ ಏಟು ತಿಂತದೆ. ಒಂದ್ ದಿನ ಅದೂ ಸುಮ್ನೆ ಇರ್ಲಿ ಬಿಡು. ನಾಳೆ ಬೆಳಿಗ್ಗೆ ನಾನೇ ಹೂವು ತೆಗೀತೀನಿ."

ಇಲ್ಲೊಂದು ವಿಷಯ ನಾಚಿಕೆ ಬಿಟ್ಟು ಹೇಳಬೇಕು. ನಮ್ಮ ಆಲ್ಬಮ್ಮಿನ ಹಾಡುಗಳನ್ನು ಬರೆದವನು ನಾನೇ. ಮೊದಲನೆಯ ಹಾಡಿನಲ್ಲಿ "ಸರಪಳಿ ಕಡಿ, ಗುಡಿ ಗೋಪುರ ನಡುಗಿಸು" ಎಂದಿದೆ. ಮೂರನೆಯದರಲ್ಲಿ ಯಮನ ಕೋಣದ ಕೊಂಬು ಹಿಡಿದು ಎಳೆದಾಡಿದ್ದೇನೆ. ಅಂಥ ಕ್ರಾಂತಿಕಾರಿ ನಾನು ಕುಂಕುಮ ಹಚ್ಚಿದ ಒಂದು ಮೈಕನ್ನು ಮುಟ್ಟಲು ಧೈರ್ಯ ಸಾಲದೆ ನಿಂತಿದ್ದೆ. ಮುನಿರಾಜುವಿನ ಮುಖ ನೋಡಿದೆ. "ನೀನಾದ್ರೂ ಮುಟ್ಟೋ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. "ಏನ್ ಗುರು, ನಾಳಿದ್ದು ಆಪರೇಷನ್ನಿಗೆ ಮಲಗೋನು ನಾನು. ಇವತ್ತು ಹೋಗಿ ಅಮ್ಮನೋರ ತಾವ ಜಗಳ ಕಾಯ್ಲಾ?" ಎಂದ. ಉಳಿದವನು ಕಿರಣ್, ಬೆಂಗಳೂರಿನವನು, ಓದಿದವನು. ಅವನತ್ತ ತಿರುಗಿದರೆ ಅವನು ತನ್ನ ಲ್ಯಾಪ್‌ಟಾಪನ್ನೇ ನೋಡುತ್ತಿದ್ದ. ಅದರ ಮುಚ್ಚಳದ ಮೇಲೂ ಕುಂಕುಮದ ಬೊಟ್ಟು, ಒಂದು ಗುಲಾಬಿ. "ಬೇಡ ಸರ್" ಎಂದ ಮೆಲ್ಲಗೆ. "ನಮ್ಮನೇಲೂ ಹಿಂಗೇ. ನಾಳೆ ಮಧ್ಯಾಹ್ನದವರೆಗೂ ಇರ್ತೀನಿ, ಆಮೇಲೆ ಬೇರೆ ಕೆಲಸ ಇದೆ."

ಆ ದಿನ ನಾನು ಅನುಭವಿಸಿದ ಚಡಪಡಿಕೆ ಶತ್ರುವಿಗೂ ಬೇಡ. ಇಡೀ ಊರು ನಮಗೋಸ್ಕರ ಬಾಯಿ ಮುಚ್ಚಿಕೊಂಡು ಕೂತಿದೆ, ನಾವು ಕಡ್ಲೆಪುರಿ ತಿನ್ನುತ್ತಿದ್ದೇವೆ! ಗೇಟಿನ ತನಕ ಹೋಗುತ್ತಿದ್ದೆ, ಬರುತ್ತಿದ್ದೆ. ಶೆಡ್ಡಿನ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ, ಡ್ರಮ್ಮು ಹೊಸ ಮದುಮಗನ ಹಾಗೆ ಬಿಗುಮಾನದಿಂದ ಕೂತಿತ್ತು. ಮನಸ್ಸು ತಡೆಯದೆ ಸ್ಕೂಟರ್ ಹತ್ತಿ ಘಾಟಿ ಸುಬ್ರಹ್ಮಣ್ಯದ ದಾರಿ ಹಿಡಿದೆ. ದೇವರಿಗೆ ಏನೆಂದು ಕೇಳಿಕೊಳ್ಳುವುದು, ಪೂಜೆ ಮಾಡಿದ್ದೇ ತಪ್ಪಾಯಿತೆಂದೇ? ಅರ್ಧ ದಾರಿಯಲ್ಲಿ ನಾಚಿಕೆಯಾಗಿ ವಾಪಸ್ಸು ಬಂದೆ. ಮುನಿರಾಜು ಜಗಲಿಯಲ್ಲಿ ಭುಜ ನೀವಿಕೊಳ್ಳುತ್ತಾ ಕೂತಿದ್ದ. "ಹೋಗ್ಲಿ ಬಿಡೋ" ಎಂದ. "ಆಲ್ಬಂ ಬರ್ದಿದ್ರೆ ಏನಾಯ್ತು? ನಾವ್ ಬಾರಿಸಿದ್ದು ನಮಗೆ ಗೊತ್ತಲ್ಲ." ಅವನು ಹಾಗೆ ಸಮಾಧಾನ ಮಾಡಿದ್ದಕ್ಕೆ ನನಗೆ ಇನ್ನಷ್ಟು ಸಂಕಟವಾಯಿತು. ಯಾಕೆಂದರೆ ಅವನ ದನಿಯೂ ನನ್ನದರಂತೆಯೇ ದೊಡ್ಡದು, ಅವತ್ತು ಮಾತ್ರ ಸಣ್ಣಗಿತ್ತು.

ವಿಜಯದಶಮಿಯ ಬೆಳಿಗ್ಗೆ ನಾನು ಬೀದಿಯ ಮನೆಮನೆಗೆ ಹೋಗಿ ಬೇಡಿಕೊಂಡೆ. ಸ್ವಲ್ಪ ಹೊತ್ತು ಮಗ್ಗ ಹಾಕಬೇಡಿ ಎಂದೆ. ಎಲ್ಲರೂ ನನ್ನ ಬಾಯಿಗೆ ಮೈಸೂರುಪಾಕು ಹಾಕಿ ಒಂದೇ ಮಾತು ಹೇಳಿದರು. ಹೂವು ತೆಗೆದ ಮೇಲೆ ಒಳ್ಳೆ ಗಳಿಗೆ ನೋಡಿ ಮಗ್ಗ ಹಾಕಬೇಕು, ಗಳಿಗೆ ಮೀರಿಸುವ ಹಾಗಿಲ್ಲ. ಹೊರಗಿನವರನ್ನು ದೂರಿ ಏನು ಫಲ, ನಮ್ಮಮ್ಮನೇ ಸ್ನಾನ ಮಾಡಿ ಸ್ವಿಚ್ಚಿನ ಬಳಿ ನಿಂತಿದ್ದಳು. ಡ್ರಮ್ಮಿನ ಕುಂಕುಮ ಒರೆಸಿ, ಕೋಲುಗಳನ್ನು ಕಣ್ಣಿಗೊತ್ತಿಕೊಂಡು ಮುನಿರಾಜುವಿನ ಕೈಗೆ ಕೊಟ್ಟಳು. "ಕೂತ್ಕೋ ಕಂದ. ನೀನೂ ಇದೇ ಗಳಿಗೇಲಿ ಶುರು ಮಾಡು" ಎಂದವಳೇ ಸ್ವಿಚ್ ಒತ್ತಿದಳು. ನಮ್ಮ ಮಗ್ಗಗಳು ಹೊರಟವು, ಪಕ್ಕದ ಮನೆಯವು ಹೊರಟವು, ಬೀದಿಗೆ ಬೀದಿಯೇ ಹೊರಟಿತು. ಕಿರಣ್ ಕಿವಿಗೆ ಹಾಕಿಕೊಂಡಿದ್ದ ಹೆಡ್‌ಫೋನು ಕಿತ್ತು ಕೈ ಚೆಲ್ಲಿದ. ನನಗೆ ಅಳುವೇ ಬಂತು.

ಮುನಿರಾಜು ಮಾತ್ರ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದ. ಆಮೇಲೆ ಬಾರಿಸಿದ. ಅಬ್ಬಬ್ಬಾ, ಎಂಥಾ ಬಾರಿಸುವಿಕೆ! ಮಗ್ಗ ಹಾಕಿದ ಏಟಿಗೆ ಇವನ ಏಟು ಹೋಗಿ ಕೂರುತ್ತಿತ್ತು, ಎರಡು ಏಟಿನ ಸಂದಿಯಲ್ಲಿ ಇವನು ನುಗ್ಗಿ ಬರುತ್ತಿದ್ದ. ಅವನು ಹುಟ್ಟಿನಿಂದ ಅದೇ ಸದ್ದಿನಲ್ಲಿ ಉಂಡು ಮಲಗಿದವನು, ಅದು ಇಲ್ಲದ ಕಡೆ ಅವನಿಗೆ ಲೆಕ್ಕವೇ ಹತ್ತುತ್ತಿರಲಿಲ್ಲ ಎನ್ನುವುದು ಪೆದ್ದನಾದ ನನಗೆ ಆಗ ತಿಳಿಯಿತು. ಕಿರಣ್ ಗಡಬಡಿಸಿ ಮತ್ತೆ ಕಿವಿಗೆ ಹಾಕಿಕೊಂಡು, "ನಿಲ್ಲಿಸಬೇಡಿ, ನಿಲ್ಲಿಸಬೇಡಿ!" ಎಂದು ಕೈ ಬೀಸಿದ. ನೆಲಮಂಗಲದವರು ಗಿಟಾರು ಹಿಡಿದು ನುಗ್ಗಿದರು. ನಾನು ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕಿರುಚಿದೆ. ನೋವಿಗೆ ಮುನಿರಾಜುವಿನ ಮುಖ ಕಿವುಚಿಕೊಳ್ಳುತ್ತಿತ್ತು, ಕೈ ನಿಲ್ಲಲಿಲ್ಲ. ಹಾಡೆಲ್ಲ ಮುಗಿದಾಗ ಅವನಿಗೆ ಕೋಲು ಕೆಳಗಿಡಲೂ ಆಗಲಿಲ್ಲ. ಅಮ್ಮನೇ ಬೆರಳು ಬಿಡಿಸಿ ತೆಗೆದುಕೊಂಡಳು.

ಆಪರೇಷನ್ ಚೆನ್ನಾಗಿ ಆಯಿತು. ಆಲ್ಬಂ ಬಿಡುಗಡೆ ನಡೆದದ್ದು ಮುನಿರಾಜುವಿನ ಮನೆಯಲ್ಲೇ. ಕಿರಣ್ ಅದನ್ನು ಇಂಟರ್ನೆಟ್ಟಿಗೆ ಬಿಟ್ಟ ದಿನ, ರೋಗಿಯನ್ನು ನೋಡಲು ಬ್ರೆಡ್ಡು ಬಾಳೆಹಣ್ಣು ಹಿಡಿದು ಬಂದ ನೆಂಟರನ್ನೆಲ್ಲ ಕೂರಿಸಿ, ಕೇಸರಿಬಾತ್ ಕೊಟ್ಟು, ಪೂರ್ತಿ ಕೇಳಿಸಿದೆವು. ರೋಗಿಯ ಮನೆಯಿಂದ ಅರ್ಧಕ್ಕೆ ಎದ್ದು ಹೋಗುವಂತಿಲ್ಲವಲ್ಲ. ತೂಬಗೆರೆಯಿಂದ ಬಂದಿದ್ದ ಅವನ ಸೋದರಮಾವ, "ಮಗ್ಗದ ಸದ್ದು ಚೆನ್ನಾಗಿ ಬಂದದೆ, ಯಾರೋ ಪಾಪ ಮಧ್ಯದಲ್ಲಿ ಜಗಳ ಆಡ್ತಾವ್ರೆ" ಎಂದರು. ಹಳೆಯ ಕಾಲದವರು, ಹೋಗಲಿ ಎಂದುಕೊಂಡೆ. ಆದರೆ ಇಂಟರ್ನೆಟ್ಟಿನಲ್ಲೂ ದೇಶವಿದೇಶದ ಮೆಟಲ್ ಭಕ್ತರು ಸುಮಾರಾಗಿ ಅದನ್ನೇ ಬರೆದರು. ಡ್ರಮ್ಮು ಅದ್ಭುತ, ಹಿಂದಿನ ಆ ಯಂತ್ರ ಯಾವುದು ಎಂದು ಕೇಳಿದರು. ಕೊನೆಗೆ, ಹಾಡುಗಾರನನ್ನು ತೆಗೆದು ಬರೀ ವಾದ್ಯ ಇರುವ ಆವೃತ್ತಿ ದಯವಿಟ್ಟು ಬಿಡಿ ಎಂದರು. ಕಿರಣ್ ಸಾಧು ಹುಡುಗ ಎಂದೆನಲ್ಲ, ಬಿಟ್ಟೇಬಿಟ್ಟ. ಈಗ ಎಲ್ಲರೂ ಕೇಳುತ್ತಿರುವುದು ಅದನ್ನೇ.

ನನಗೆ ಉರಿದುಹೋಯಿತು. ಸುಳ್ಳೇಕೆ ಹೇಳಲಿ? ಇದಕ್ಕಾ ನಾನು ಮನೆಮನೆ ಅಲೆದದ್ದು ಎಂದು ಜಗಳ ತೆಗೆಯಲೆಂದೇ ಮೊನ್ನೆ ಮುನಿರಾಜುವಿನ ಮನೆಗೆ ಹೋದೆ. ಅವನು ಬಲಗೈಯನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದ. "ಬಾರೋ, ಫೋನ್ ಒತ್ತೋಕೆ ಒಂದೇ ಕೈಲಿ ಆಗಲ್ಲ ನಂಗೆ. ನಮ್ಮ ಆಲ್ಬಂ ಹಾಕು" ಎಂದ. ನಾನು ಬೇಕೆಂದೇ ನನ್ನ ದನಿಯಿರುವುದನ್ನು ಹಾಕಿ, ಸದ್ದು ಜೋರು ಮಾಡಿದೆ. ಅವನು ಕಣ್ಣು ಮುಚ್ಚಿ ಕೇಳಿದ. ಎಡಗೈ ಬೆರಳುಗಳು ತೊಡೆಯ ಮೇಲೆ ಬಡಿಯುತ್ತಿದ್ದವು, ಬಲಗೈ ಬೆರಳುಗಳು ಪಟ್ಟಿಯೊಳಗೆ ಅಷ್ಟಿಷ್ಟು ಮಿಸುಕಿ ಸುಮ್ಮನಾಗುತ್ತಿದ್ದವು. ಮುಗಿದಾಗ ಕಣ್ಣೊರೆಸಿಕೊಂಡ. ನಾನು ತಂದಿದ್ದ ಜಗಳ ಮರೆತೇಹೋಯಿತು.

"ಎಷ್ಟ್ ಚೆನ್ನಾಗದಲ್ಲೋ" ಎಂದ. "ಇನ್ನೊಂದ್ ಸಲ ಹಾಕು."

"ಇದನ್ನೇನಾ?" ಎಂದೆ. ಕೇಳಬಾರದಿತ್ತು.

ಅವನು ನನ್ನ ಮುಖ ನೋಡಿದ, ಕಿಟಕಿ ನೋಡಿದ, ಮತ್ತೆ ನನ್ನ ಮುಖ ನೋಡಿದ. "ಬೇಜಾರ್ ಮಾಡ್ಕೋಬೇಡ ಕಣೋ. ನೀನಿಲ್ದೇ ಇರೋದು ಹಾಕು."

ಹಾಕಿದೆ.