ಭಾಂಡುಪಿನ ಕೋಣೆಗಾಗಿ ಅಧ್ಯಕ್ಷರು ಆಡಿದ ಮಾತುಗಳು

ದೇಣಿಗೆ ಕೇಳುವ ಕೆಲಸದಲ್ಲಿರುವವರು ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾರದಾದರೂ ಮನೆಯ ಬೆಲ್ ಒತ್ತಿದರೆ ಸಾಕು, ಅವೇ ಬಂದು ಬಾಗಿಲು ತೆರೆಯುತ್ತವೆ.

ನಾನು ಕಾರ್ಯದರ್ಶಿಯಾಗಿರುವ ಸಂಸ್ಥೆಯು ಮಾತು ತಡವಾದ ಮಕ್ಕಳಿಗೆ ಮಾತು ಕಲಿಸುತ್ತದೆ. ಅದರ ಅಧ್ಯಕ್ಷರು ಮೈಸೂರಿನ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಮತ್ತು ಜೀವನದಲ್ಲಿ ಒಮ್ಮೆಯೂ ಮಾತು ತಡವಾಗದವರು. ಕಳೆದ ವರ್ಷ ಮುಂಬಯಿಯ ಭಾಂಡುಪಿನಲ್ಲಿ ನಮ್ಮ ಕೇಂದ್ರವಿದ್ದ ಬಿಲ್ಡಿಂಗ್, ಕೆಡವಿ ಹೊಸದಾಗಿ ಕಟ್ಟಲೆಂದು, ರೀಡೆವಲಪ್‌ಮೆಂಟಿಗೆ ಹೋಯಿತು. ಶಾಲೆಗಳು ತೆರೆಯುವುದರೊಳಗೆ ಬೇರೆ ಕೋಣೆ ಸಿಗದಿದ್ದರೆ ಕೇಂದ್ರವನ್ನು ಮುಚ್ಚಬೇಕಿತ್ತು. ತರಗತಿ ನಿಂತರೆ ಮಕ್ಕಳು ಕಲಿತ ನಾಲ್ಕು ಶಬ್ದಗಳನ್ನೂ ಬಿಟ್ಟುಬಿಡುತ್ತಾರೆಂದು ನಮ್ಮ ಟೀಚರ್ ಎಚ್ಚರಿಸಿದ್ದರು. ಅಧ್ಯಕ್ಷರು ಮಾತ್ರ ನಿಶ್ಚಿಂತರಾಗಿದ್ದರು.

"ಯೋಚನೆ ಮಾಡಬೇಡಿ ಮೇಡಂ. ನಾನು ಬಾಯಿ ಬಿಟ್ಟರೆ ಸಾಕು" ಎಂದರು.

ನನ್ನ ಯೋಚನೆಯೂ ಅದೇ ಆಗಿತ್ತು.

ಆರದ ಕಾಫಿ

ನಮ್ಮ ಸಂಸ್ಥೆಯಲ್ಲಿ ಒಂದು ಐತಿಹ್ಯವಿದೆ. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ, ಎದುರಿಗಿಟ್ಟ ಕಾಫಿ ಆರುವ ಮೊದಲೇ ಅಧ್ಯಕ್ಷರು ಸಂಸ್ಥೆಯ ಪ್ರಥಮ ದಾನಿಯನ್ನು ಒಪ್ಪಿಸಿದರಂತೆ. ಹೊಸದಾಗಿ ಸೇರಿದ ಸ್ವಯಂಸೇವಕರಿಗೆಲ್ಲ ಇದನ್ನು ನಾಯಕತ್ವದ ಮೊದಲ ಪಾಠವೆಂಬಂತೆ ಹೇಳಲಾಗುತ್ತದೆ. ನಾನೂ ಕೇಳಿದ್ದೆ, ಕಾಫಿ ಎಷ್ಟು ಬಿಸಿಯಿತ್ತು ಎಂಬುದರ ಬಗ್ಗೆ ಮಾತ್ರ ಸಂಶಯವಿತ್ತು.

ಹೊಸ ಕೋಣೆ ಸಿಕ್ಕರೆ ಅದಕ್ಕೆ ಬೆಂಚು, ಕನ್ನಡಿಗಳು ಬೇಕಾಗಿದ್ದವು. ತುಟಿಯ ಚಲನೆ ನೋಡಿಕೊಂಡು ಮಕ್ಕಳು ಅಕ್ಷರ ಹೊರಡಿಸುವುದು ಕನ್ನಡಿಯ ಎದುರಿನಲ್ಲೇ. ಆದ್ದರಿಂದ ಅಧ್ಯಕ್ಷರು ಅದೇ ದಾನಿಯನ್ನು ಅದೇ ಹೋಟೆಲಿಗೆ ಮತ್ತೆ ಕರೆಸಿದರು. ಅವರು ಧಾರವಾಡದ ಕಡೆಯ ಬಟ್ಟೆ ವ್ಯಾಪಾರಿ, ಹಿರಿಯರು. ಅಧ್ಯಕ್ಷರು ಕೈ ತೊಳೆಯಲು ಎದ್ದಾಗ ನಾನು ಆ ಐತಿಹ್ಯದ ಬಗ್ಗೆ ವಿನಯದಿಂದಲೇ ವಿಚಾರಿಸಿದೆ.

"ಕಾಫಿ ಪೂರಾ ಆರಿತ್ರೀ ಅಕ್ಕಾರ" ಎಂದರು ಅವರು. "ನಾ ಲೋಟಾ ಎತ್ತಾಕ ಹೋದಾಗೊಮ್ಮೆ ನಿಮ್ಮ ಸಾಹೇಬ್ರು ನನ್ನ ಕೈ ಹಿಡ್ಕೊಂಡು ಮಾತಾಡತಿದ್ರು. ಹೂಂ ಅಂದ್ರ ಕೈ ಬಿಡ್ತಾರ ಅಂತ ಹೂಂ ಅಂದೆ."

ಅಷ್ಟರಲ್ಲಿ ಅಧ್ಯಕ್ಷರು ಬಂದು ಕುಳಿತು, ಗಂಟಲು ಸರಿಪಡಿಸಿಕೊಂಡರು. ವ್ಯಾಪಾರಿಗಳು ಎರಡೂ ಕೈಗಳನ್ನು ಮೇಜಿನ ಕೆಳಕ್ಕೆ ಎಳೆದುಕೊಂಡರು.

"ಕನ್ನಡಿ, ಬೆಂಚು ಎಲ್ಲಾ ನಂದ ಇರಲಿ, ಸಾಹೇಬ್ರ. ಮದಲ ಹೂಂ ಅಂದೀನಿ. ಇನ್ನ ಕಾಫಿ ತರಸ್ರಿ."

ಲಿಫ್ಟಿನೊಳಗಿನ ಭಾಷಣ

ಅನಂತರ ನಮ್ಮನ್ನು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ನಡೆದ ತರಬೇತಿಗೆ ಕಳುಹಿಸಲಾಯಿತು. ನಿಧಿ ಸಂಗ್ರಹದ ಕಾರ್ಯತಂತ್ರವನ್ನು ಕಲಿಸಲು ಬಂದ ಸಲಹೆಗಾರರು, ದಾನಿಯ ಜೊತೆ ಲಿಫ್ಟಿನಲ್ಲಿ ಮೇಲೆ ಹೋಗುವಷ್ಟು ಹೊತ್ತಿನಲ್ಲಿ ಸಂಸ್ಥೆಯ ಉದ್ದೇಶವನ್ನು ಹೇಳಿ ಮುಗಿಸಬೇಕೆಂದರು. ಅಧ್ಯಕ್ಷರು ಅದನ್ನು ಅಕ್ಷರಶಃ ತೆಗೆದುಕೊಂಡರು. ಮರುವಾರ ಅದೇ ಸಾಂತಾಕ್ರೂಜಿನಲ್ಲಿ, ಉದ್ಯಮಿಯೊಬ್ಬರು ವಾಸವಾಗಿದ್ದ ಬಿಲ್ಡಿಂಗಿನ ಲಿಫ್ಟಿನ ಎದುರು ನನ್ನೊಡನೆ ಕಾದು ನಿಂತರು. ಆ ಉದ್ಯಮಿ ಬೆಂಗಳೂರಿನ ಮಹಿಳೆ, ದಿನವೂ ನಿಯಮ ತಪ್ಪದೆ ವಾಕಿಂಗ್ ಮಾಡುವವರು. ಅವರು ಬಂದಾಗ ಲಿಫ್ಟು ಕೆಟ್ಟಿತ್ತು.

"ಪರವಾಗಿಲ್ಲ, ಮೆಟ್ಟಿಲಲ್ಲೇ ಹೋಗೋಣ" ಎಂದು ಅವರು ಸರಸರನೆ ಹತ್ತತೊಡಗಿದರು. ಅಧ್ಯಕ್ಷರು ಹಿಂದೆ ಬಿದ್ದರು. ಮನೆಯ ಬಾಗಿಲು ತಲುಪುವ ಹೊತ್ತಿಗೆ ಅವರ ಭಾಷಣದಲ್ಲಿ ಉಸಿರಿನ ಪಾಲೇ ಹೆಚ್ಚಾಗಿತ್ತು.

"ಮಾ... ಮಾತು... ಮ... ಮಕ್ಕ..." ಎಂದರು.

ಆ ಮಹಿಳೆ ಮೃದುವಾಗಿ ಕೈ ಮುಗಿದರು. "ಸರ್, ಕಷ್ಟಪಡಬೇಡಿ. ನನಗೆ ಅರ್ಥವಾಯಿತು. ಸ್ವತಃ ಈ ತೊಂದರೆ ಇಟ್ಟುಕೊಂಡು ಮಕ್ಕಳಿಗಾಗಿ ಓಡಾಡುತ್ತಿದ್ದೀರಲ್ಲ, ಅದು ದೊಡ್ಡದು."

ಟೀಚರ ಒಂದು ವರ್ಷದ ಸಂಬಳವನ್ನು ಅವರು ವಹಿಸಿಕೊಂಡರು. ತಪ್ಪು ತಿಳಿವಳಿಕೆಯ ಮೇಲೆ ದೇಣಿಗೆ ಪಡೆಯುವುದು ಸರಿಯಲ್ಲವೆಂದು ನಾನು ಮರುದಿನವೇ ಫೋನ್ ಮಾಡಿ, ಅಧ್ಯಕ್ಷರಿಗೆ ಮಾತಿನ ತೊಂದರೆಯೇನೂ ಇಲ್ಲವೆಂದು ಸ್ಪಷ್ಟಪಡಿಸಿದೆ.

"ನೀವೆಲ್ಲ ಅವರಿಗೆ ಹೀಗೇ ಧೈರ್ಯ ತುಂಬುತ್ತಿರಬೇಕು" ಎಂದರು ಅವರು.

ಬೀಗದ ಕೈ

ಬೆಂಚು, ಕನ್ನಡಿ, ಟೀಚರು ಎಲ್ಲವೂ ಆಯಿತು. ಅವುಗಳನ್ನಿಡುವ ಕೋಣೆ ಮಾತ್ರ ಇರಲಿಲ್ಲ. ಕಡೆಗೆ ಭಾಂಡುಪಿನಲ್ಲಿ ಸಾಲುಕೋಣೆಗಳ ಹಳೆಯ ಚಾಳಿನಲ್ಲಿ ಒಂದು ಖಾಲಿ ಕೋಣೆಯ ಸುಳಿವು ಸಿಕ್ಕಿತು. ಮಾಲೀಕರು ಹಿರಿಯ ಮರಾಠಿ ಗೃಹಸ್ಥರು. ನಾನು ಹೊರಗೆ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಾಗ, ಅಧ್ಯಕ್ಷರು ಒಳಗೆ ಅವರೊಡನೆ ತಮ್ಮ ಮೈಸೂರು ಹಿಂದಿಯಲ್ಲಿ ಮಾತಾಡಿ, ವಿಜಯಿಯಾಗಿ ಹೊರಬಂದರು.

"ಬಾಡಿಗೆಯೇ ಬೇಡವಂತೆ ಮೇಡಂ. ನಮ್ಮ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಸನ್ಮಾನ ಮಾಡುತ್ತೇವೆ ಅಂದೆ, ಒಪ್ಪಿಬಿಟ್ಟರು. ಬೀಗದ ಕೈಯನ್ನು ಅಲ್ಲೇ ಕೊಡ್ತಾರಂತೆ."

ಮುಂಬಯಿಯಲ್ಲಿ ಒಬ್ಬ ಮಾಲೀಕ ಸನ್ಮಾನಕ್ಕಾಗಿ ಕೋಣೆ ಬಿಟ್ಟುಕೊಡುತ್ತಾನೆಂಬುದನ್ನು ನಂಬಲು ನನಗೆ ಕಷ್ಟವಾಯಿತು. ಆದರೆ ಶಾಲೆಗಳು ತೆರೆಯಲು ಒಂದು ವಾರವಷ್ಟೇ ಉಳಿದಿತ್ತು. ಸಂಶಯಪಡಲು ಅದು ಕಾಲವಾಗಿರಲಿಲ್ಲ.

ವಾರ್ಷಿಕೋತ್ಸವದ ದಿನ ಮಾಟುಂಗದ ಸಭಾಂಗಣ ತುಂಬಿತ್ತು. ಮಾಲೀಕರ ಹೆಂಡತಿ ಮೊದಲ ಸಾಲಿನಲ್ಲಿ ಪೈಠಣಿ ಸೀರೆಯುಟ್ಟು ಕುಳಿತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಅಧ್ಯಕ್ಷರು ಮಾಲೀಕರ ತಲೆಗೆ ಮೈಸೂರು ಪೇಟ ತೊಡಿಸಿ, ಚೆನ್ನಾಗಿ ಒತ್ತಿ, "ಏನನ್ನೂ ಬಯಸದೆ ಕೊಡುವ ಮಹಾನುಭಾವರು" ಎಂದು ಮೈಕಿನಲ್ಲಿ ಘೋಷಿಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮಾಲೀಕರು ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನನ್ನ ಕಡೆ ಬಾಗಿದರು.

"ಮೇಡಂ, ಪಗಡಿ ಎಲ್ಲಿ?"

"ನಿಮ್ಮ ತಲೆಯ ಮೇಲೇ ಇದೆಯಲ್ಲ" ಎಂದೆ.

ಅವರು ನಿಧಾನವಾಗಿ ತಲೆ ಮುಟ್ಟಿ ನೋಡಿಕೊಂಡರು. ಆಗ ನನಗೆ ಎಲ್ಲವೂ ತಿಳಿಯಿತು. ಪೇಟಕ್ಕೆ ಹಿಂದಿಯಲ್ಲಿ ಪಗಡಿ ಎನ್ನುತ್ತಾರೆ; ಅಧ್ಯಕ್ಷರು "ಬಾಡಿಗೆ ಕೊಡಲಾರೆವು, ಪಗಡಿ ಕೊಡುತ್ತೇವೆ" ಎಂದಿದ್ದರು. ಆದರೆ ಈ ಊರಿನ ಹಳೆಯ ಚಾಳುಗಳಲ್ಲಿ ಪಗಡಿಯೆಂದರೆ, ಕೋಣೆ ಹಿಡಿಯುವವನು ಮಾಲೀಕನಿಗೆ ಮುಂಚಿತವಾಗಿ ಕೊಡುವ ಹಣದ ದೊಡ್ಡ ಗಂಟು. ಮಾಲೀಕರು ಅದನ್ನು ಹಾಕಿಕೊಳ್ಳಲು ಚೀಲವನ್ನೂ ತಂದಿದ್ದರು.

ನಾನು ತಗ್ಗಿದ ದನಿಯಲ್ಲಿ ವಿಷಯ ತಿಳಿಸಿ, ಕ್ಷಮೆ ಕೇಳಿ, ಕೋಣೆ ಕೊಡಲೇಬೇಕೆಂದಿಲ್ಲ ಎಂದೆ. ಅವರು ಕೆಳಗಿದ್ದ ಹೆಂಡತಿಯ ಬಳಿ ಬಾಗಿ ಮರಾಠಿಯಲ್ಲಿ ಅಷ್ಟನ್ನೂ ಹೇಳಿದರು. ಆಕೆ ಸಭೆಯನ್ನೊಮ್ಮೆ ತಿರುಗಿ ನೋಡಿದರು.

"ಇಷ್ಟು ಜನ ಎದ್ದು ನಿಂತಿದ್ದಾರೆ. ಇನ್ನು ಹಿಂದೆ ಸರಿದರೆ ನಾಳೆ ಮುಖ ತೋರಿಸೋದು ಹೇಗೆ? ಕೊಟ್ಟುಬಿಡಿ. ಪಗಡಿ ಹಾಕಿಕೊಂಡು ಚೆನ್ನಾಗಿ ಕಾಣ್ತೀರಿ."

ಮಾಲೀಕರು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, "ವರ್ಷಕ್ಕೊಂದು ಪಗಡಿ. ಮುಂದಿನ ವರ್ಷ ಸ್ವಲ್ಪ ಹೆಚ್ಚಿಸಬೇಕು" ಎಂದರು.

ಶಾಲೆಗಳು ತೆರೆದ ದಿನವೇ ನಮ್ಮ ಕೇಂದ್ರವೂ ತೆರೆಯಿತು. ಅಧ್ಯಕ್ಷರ ಭಾಷಣಕ್ಕೆ ಕರಗಿ, ಮಾಲೀಕರು ವೇದಿಕೆಯ ಮೇಲೆಯೇ ಕಣ್ಣೀರಿಡುತ್ತಾ ಬೀಗದ ಕೈ ಒಪ್ಪಿಸಿದರೆಂದು ಈಗ ಹೊಸ ಸ್ವಯಂಸೇವಕರಿಗೆ ಹೇಳಲಾಗುತ್ತಿದೆ. ನಾನು ಪಕ್ಕದಲ್ಲೇ ನಿಂತಿದ್ದೆ. ಕಣ್ಣೀರು ಬಂದದ್ದು ನಿಜ. ಪೇಟ ಒಂದು ಸೈಜು ಚಿಕ್ಕದಾಗಿತ್ತು.