ಅತ್ತೆಯ ಸಗಣಿ ಅರ್ಥಶಾಸ್ತ್ರ

ಬದನೆಕಾಯಿ ತರಲು ಹೋಗಿ, ನೋಟ್‌ಬುಕ್ಕಿನ ತುಂಬ ಬದನೆಕಾಯಿಯ ವಿಚಾರ ಬರೆದುಕೊಂಡು, ಖಾಲಿ ಚೀಲದೊಂದಿಗೆ ಮನೆಗೆ ಬರುವವರನ್ನು ನೀವು ಕಂಡಿದ್ದೀರಾ? ಇಲ್ಲವೆಂದರೆ ನನ್ನ ಸೋದರತ್ತೆಯನ್ನು ಕಂಡಿಲ್ಲ ಬಿಡಿ!

ಎಪ್ಪತ್ತರ ದಶಕದ ಮಾತು. ಮದುವೆಯಾಗದ ಅತ್ತೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತ ಹಲಸೂರಿನ ನಮ್ಮ ಮನೆಯಲ್ಲೇ ಇದ್ದರು. ಡಾಕ್ಟರೇಟಿಗೆ ಅವರು ಹಿಡಿದ ವಿಷಯ: ಸಗಣಿ ಗೊಬ್ಬರದಲ್ಲಿ ಬೆಳೆದ ತರಕಾರಿಗೆ ಪಟ್ಟಣದವರು ಹೆಚ್ಚು ಬೆಲೆ ಕೊಡುತ್ತಾರೆಯೇ? ದೇಶವೆಲ್ಲ ಯೂರಿಯಾ ಜಪ ಮಾಡುತ್ತಿದ್ದಾಗ ಸಗಣಿ!

ಭಾನುವಾರ ರಸೆಲ್ ಮಾರುಕಟ್ಟೆಯಲ್ಲಿ ಅತ್ತೆ ನೋಟ್‌ಬುಕ್ ಹಿಡಿದು ಪ್ರಶ್ನೆ ಕೇಳಲು ನಿಂತರೆ, ಸಿಡುಬಿನ ಲಸಿಕೆಯವರು ಬಂದರೇನೋ ಎಂಬಂತೆ ಗಿರಾಕಿಗಳು ಪಕ್ಕದ ಸಾಲಿಗೆ ಜಾರುತ್ತಿದ್ದರು. ತರಕಾರಿ ಸಾಬರು ಕೈ ಮುಗಿದರು: "ಮೇಡಂ, ನೀವು ಸಗಣಿ ಅಂದ್ರೆ ಅವ್ರು ಮೂಗು ಮುಚ್ಕೊಂಡು ಹೋಗ್ತಾರೆ. ಮಟನ್ ಅಂಗಡೀಲಿ ಕೇಳಿ ಮೇಡಂ!"

ಮನೆಯಲ್ಲೂ ಪರೀಕ್ಷೆ. ಎರಡು ಪಾತ್ರೆಯಲ್ಲಿ ಹುಳಿ. ಯಾವುದು ಯಾವ ಗೊಬ್ಬರದ ತರಕಾರಿಯದೆಂದು ಹೇಳಲಿಲ್ಲ. ಅಪ್ಪ ಯೂರಿಯಾದ್ದನ್ನೇ ಚಪ್ಪರಿಸಿ, "ಬರ್ಕೋ, ಇದೇ ನಿನ್ನ ಸಗಣೀದು!" ಎಂದರು. ಅತ್ತೆಯ ಮುಖ ಬಾಡಿತು. ಆದರೂ ಇದ್ದದ್ದನ್ನು ಇದ್ದಂತೆ ಬರೆದುಕೊಂಡರು.

ಆರು ವರ್ಷದ ಪ್ರಬಂಧವನ್ನು ಮಾರ್ಗದರ್ಶಕರು ಒಂದೇ ಮಾತಿನಲ್ಲಿ ಹಿಂದಿರುಗಿಸಿದರು: "ಜನಕ್ಕೆ ಹೊಟ್ಟೆಗೇ ಇಲ್ಲ, ನೀವು ರುಚಿ ಕೇಳ್ತಾ ಕೂತಿದ್ದೀರಲ್ರೀ!" ಅತ್ತೆ ಅಳಲಿಲ್ಲ. ಕಾಲೇಜಿಗೆ ಹೋಗುತ್ತಿದ್ದರು, ಬರುತ್ತಿದ್ದರು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಅವರನ್ನು ನಗಿಸಲೆಂದು ನಾನು, "ಅತ್ತೆ, ಡಾಕ್ಟರೇಟು ಹಸುವಿಗಾದ್ರೂ ಕೊಟ್ರಾ?" ಎಂದೆ. ಆಗ ನನಗೆ ಹತ್ತೊಂಬತ್ತು. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಕೆ.ಆರ್. ಪುರದ ಆಚೆ ರೈತರೊಬ್ಬರು ಅತ್ತೆಗಾಗಿ ಎರಡು ಮಡಿಗಳಲ್ಲಿ, ಎರಡು ಬಗೆಯ ಗೊಬ್ಬರ ಹಾಕಿ ತರಕಾರಿ ಬೆಳೆಯುತ್ತಿದ್ದರು. ಇನ್ನು ಬೇಡವೆಂದು ಹೇಳಿಬರಲು ಅತ್ತೆ ನನ್ನನ್ನೂ ಕರೆದುಕೊಂಡು ಹೊರಟರು. ರೈತರು ಇರಲಿಲ್ಲ. ಅವರ ಹೆಂಡತಿ, ರೈತರಿಗೆ ತೋರಿಸಲೆಂದು ಅತ್ತೆ ತಂದಿದ್ದ ಪ್ರಬಂಧದ ಕಟ್ಟು ನೋಡಿ, "ಇದ್ರಾಗೆ ಏನ್ ಬರ್ದಿದ್ದೀಯಮ್ಮ?" ಎಂದು ಕೇಳಿದರು.

ಅತ್ತೆ ಒಂದು ಪುಟ ತೆರೆದು, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದರು: "ಸಗಣಿ ಗೊಬ್ಬರಕ್ಕೆ ಖರ್ಚಿಲ್ಲ ಅಂತಾರೆ. ಆದ್ರೆ ತಿಪ್ಪೆಯಿಂದ ಹೊಲದವರೆಗೂ ಅದನ್ನ ತಲೆ ಮೇಲೆ ಹೊರೋದು ಮನೆ ಹೆಂಗಸು. ಅದೂ ಖರ್ಚೇ."

ಆಕೆ ಹತ್ತಿರ ಬಂದರು. "ನಾನ್ ಹೊತ್ತಿದ್ದೂ ಇದ್ರಾಗೈತಾ?"

"ಇದೆಯಮ್ಮ."

"ಇದುವರ್ಗೂ ಯಾರೂ ಕೇಳಿರ್ಲಿಲ್ಲ ಕಣಮ್ಮ. ನಮ್ಮನೆಯೋರೂ."

ಆಕೆ ಸೆರಗಿಗೆ ಕೈ ಒರೆಸಿಕೊಂಡು ಅತ್ತೆಯ ಕೆನ್ನೆ ಸವರಿದರು. ಅತ್ತೆ ಜಗಲಿಯ ಮೇಲೆ ಕುಸಿದು ಕೂತು, ಬಿಕ್ಕಿ ಬಿಕ್ಕಿ ಅತ್ತರು. ನಾನು ಪಕ್ಕದಲ್ಲಿ ಕೂತು ಅವರ ಬೆನ್ನ ಮೇಲೆ ಕೈಯಿಟ್ಟೆ. ಒಂದೂ ತಮಾಷೆ ನೆನಪಾಗಲಿಲ್ಲ.