ಮೂರನೇ ಮಹಡಿಯ ಅಗ್ಗದ ಮನೆ

"ಅಡುಗೆಮನೆ ಬೇರೆ ಇರಬೇಕು. ಅದಕ್ಕೊಂದು ಕಿಟಕಿ ಇರಬೇಕು. ಅಷ್ಟಿದ್ರೆ ಬರ್ತೀನಿ, ಇಲ್ಲಾಂದ್ರೆ ನೀವೊಬ್ರೇ ಹೋಗಿ" ಎಂದು ಹೆಂಡತಿ ಆಡಿದ ಮಾತೇ ಟೈಲರ್ ಮಾಸ್ಟರ ಅಂದಿನ ಫಜೀತಿಗೆಲ್ಲ ಮೂಲ.

ಮಾಸ್ಟರದ್ದು ಸಣ್ಣ ಊರು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವರ ಪಾಲಿಗೆ ಉಳಿದಿದ್ದು ಜಿಪ್ ಬದಲಾಯಿಸುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು, ಇಷ್ಟೇ. ಹಾಗಿರುವಾಗ ಮಹಾನಗರದ ದೊಡ್ಡ ಸೂಟಿನ ಅಂಗಡಿಯಿಂದ ಕಟಿಂಗ್ ಮಾಸ್ಟರ್ ಕೆಲಸಕ್ಕೆ ಕರೆ ಬಂದಿತ್ತು. ಬರುತ್ತೀರೋ ಇಲ್ಲವೋ, ಈ ಸಂಜೆಯೊಳಗೆ ಹೇಳಿಬಿಡಿ ಎಂದಿದ್ದರು. ದುಬಾರಿ ಬಟ್ಟೆಗೆ ಕತ್ತರಿ ಹಾಕುವಾಗ ನಡುಗದ ಮಾಸ್ಟರ ಕೈ, ಇಂಥದ್ದೊಂದು ನಿರ್ಧಾರ ಎದುರಾದರೆ ಗಡಗಡ ನಡುಗುತ್ತಿತ್ತು. ಹೋಟೆಲಿನಲ್ಲಿ ಕಾಫಿಯೋ ಟೀಯೋ ಎಂದು ಕೇಳಿದರೂ ಹೆಂಡತಿಗೆ ಫೋನ್ ಮಾಡುವ ಮನುಷ್ಯ ಅವರು.

ಮೊದಲು ಮನೆ ನೋಡೋಣವೆಂದು ಮಾಸ್ಟರು ಮಹಾನಗರಕ್ಕೆ ಬಂದಿದ್ದರು; ಬೆಳಗ್ಗೆಯಿಂದ ಬ್ರೋಕರನೊಬ್ಬ ಅವರನ್ನು ನಗರವೆಲ್ಲ ಸುತ್ತಿಸಿದ್ದ. ಒಂದು ಮನೆಯಲ್ಲಿ ಒಲೆಯ ಮುಂದೆ ನಿಂತರೆ ಬೆನ್ನಿಗೆ ಬಚ್ಚಲಿನ ನಲ್ಲಿ ತಾಗುತ್ತಿತ್ತು. ಇನ್ನೊಂದರಲ್ಲಿ ಕಿಟಕಿಯೇನೋ ಇತ್ತು, ತೆರೆದರೆ ಮೂಗಿನ ಮುಂದೆಯೇ ಪಕ್ಕದ ಕಟ್ಟಡದ ಗೋಡೆ. ಬಾಡಿಗೆ ಕೇಳಿದಾಗಲೆಲ್ಲ ಮಾಸ್ಟರು ಕುತ್ತಿಗೆಗೆ ಹಾಕಿದ್ದ ಅಳತೆ ಟೇಪನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ದು ಈ ಮನೆ. ಹಳೆಯ ಕಟ್ಟಡ, ಮೂರನೇ ಮಹಡಿ, ಮೇಲೆ ಬರೀ ಟೆರೇಸು. ಎರಡು ಕೋಣೆ, ಬೇರೆ ಅಡುಗೆಮನೆ, ಅದಕ್ಕೆ ಬಿಸಿಲು ಬೀಳುವ ಕಿಟಕಿ. ಬಾಡಿಗೆ ಮಾತ್ರ ಉಳಿದವಕ್ಕಿಂತ ಅರ್ಧ.

"ಯಾಕಪ್ಪಾ ಇಷ್ಟು ಕಡಿಮೆ?"

"ನಿಮ್ಮ ಅದೃಷ್ಟ ಸಾರ್" ಎಂದ ಬ್ರೋಕರ್, ಹೊಸಿಲಿನಾಚೆಯೇ ನಿಂತು. ಒಂದು ಕಾಲನ್ನೂ ಒಳಗಿಡಲಿಲ್ಲ. "ನೀವು ನಿಧಾನಕ್ಕೆ ನೋಡ್ತಾ ಇರಿ. ನಾನು ಕೆಳಗೆ ಟೀ ಕುಡ್ಕೊಂಡು ಬರ್ತೀನಿ." ಹೇಳಿದವನೇ ಎರಡೆರಡು ಮೆಟ್ಟಿಲು ಹಾರಿ ಇಳಿದುಹೋದ.

ಮಾಸ್ಟರು ಒಳಗೆ ಹೋದರು. ಹೊರಗೆ ಸುಡುವ ಬಿಸಿಲಿದ್ದರೂ ಮನೆ ತಣ್ಣಗಿತ್ತು. ಹಿಂದಿದ್ದವರು ಗಡಿಬಿಡಿಯಲ್ಲಿ ಹೋದಂತಿತ್ತು. ಮೂಲೆಯಲ್ಲಿ ಒಂಟಿ ಚಪ್ಪಲಿ. ಒಲೆಕಟ್ಟೆಯ ಮೇಲೆ ಅರ್ಧ ಕುಡಿದು ಬಿಟ್ಟ ಟೀ, ಅದರ ಮೇಲೆ ಹಸಿರು ಬೂಷ್ಟು. ಬಾಗಿಲ ಚೌಕಟ್ಟಿನಲ್ಲಿ ಯಾವುದೋ ಮಗುವಿನ ಎತ್ತರಕ್ಕೆ ಎಳೆದ ಪೆನ್ಸಿಲ್ ಗೆರೆಗಳು.

ಅಷ್ಟರಲ್ಲಿ ಎದುರು ಮನೆಯ ಅಜ್ಜಿ ಬಾಗಿಲಲ್ಲಿ ಇಣುಕಿದರು.

"ಮನೆ ನೋಡೋಕೆ ಬಂದ್ಯಾ ಮಗಾ?"

"ಹೌದಮ್ಮಾ."

"ನಿದ್ದೆ ಗಟ್ಟಿನಾ ನಿಂಗೆ?"

"ಪರವಾಗಿಲ್ಲ, ಯಾಕೆ?"

"ಸುಮ್ನೆ ಕೇಳ್ದೆ. ಹಿಂದಿನೋನಿಗೂ ಗಟ್ಟಿನೇ ಇತ್ತು, ಪಾಪ" ಎಂದು ಅಜ್ಜಿ ನಿಟ್ಟುಸಿರು ಬಿಟ್ಟು ಬಾಗಿಲು ಹಾಕಿಕೊಂಡರು.

ಸರಿಯಾಗಿ ಆಗಲೇ ನೆತ್ತಿಯ ಮೇಲೆ ಹೆಜ್ಜೆಸಪ್ಪಳ ಶುರುವಾಯಿತು. ಧಪ್. ಧಪ್. ಧಪ್. ಭಾರದ ಹೆಜ್ಜೆಗಳು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆದು ನಿಂತವು. ಮಾಸ್ಟರೂ ನಿಂತರು. ಅವರು ಅಡುಗೆಮನೆಗೆ ಸರಿದರೆ ಹೆಜ್ಜೆಯೂ ಅಡುಗೆಮನೆಯ ಮೇಲೆ ಬಂತು. ಅಲ್ಲಿ ಸಿಂಕಿನ ತೂತಿನಿಂದ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಅಳು ನಡುವೆ ನಿಂತು, ಪೈಪಿನ ಆಳದಿಂದ ಪಿಸುದನಿಯೊಂದು ಬಂತು: "ಹೋಗ್ಬಿಡೂ..."

ಹೋಗಿಬಿಡುವುದಕ್ಕೆ ಮಾಸ್ಟರದ್ದೇನೂ ಅಡ್ಡಿ ಇರಲಿಲ್ಲ. ಬೆಂಕಿ ಬಿದ್ದ ಗೋದಾಮಿನಿಂದ ಓಡುವ ಇಲಿಯಂತೆ ಬಾಗಿಲು ದಾಟಿದರು. ಆದರೆ ಗಾಬರಿಯಲ್ಲಿ ಕೆಳಗಿಳಿಯುವ ಬದಲು ಮೇಲೆ ಹತ್ತಿದರು. ಟೆರೇಸಿನ ಬಾಗಿಲು ತಳ್ಳಿಕೊಂಡು ಹೊರಗೆ ಬಿದ್ದರೆ, ಎದುರಿಗೆ ಒಬ್ಬ ದಪ್ಪ ಮುದುಕರು ಗಂಬೂಟು ಹಾಕಿಕೊಂಡು ಕವಾಯತು ಮಾಡುತ್ತಿದ್ದರು! ಮಾಸ್ಟರು ಕಿರುಚಿದ್ದು ಕೇಳಿ ಅವರೂ ಕಿಟಾರನೆ ಕಿರುಚಿದರು.

ಕಿರುಚಾಟಕ್ಕೆ ಅಜ್ಜಿ ಓಡಿ ಬಂದರು. ಹಿಂದೆಯೇ ಎರಡನೇ ಮಹಡಿಯ ನರ್ಸಮ್ಮ ಕೈಯಲ್ಲಿ ಎಣ್ಣೆ ಹೊಯ್ಯುವ ಲಾಳಿಕೆ ಹಿಡಿದು ಬಂದರು. ತಮ್ಮ ಸಿಂಕಿನ ಪೈಪಿಗೆ ಆ ಲಾಳಿಕೆ ಇಟ್ಟು ಅತ್ತವರು ಅವರೇ.

"ಸಿಕ್ಕಿಹಾಕ್ಕೊಂಡ್ವಿ" ಎಂದರು ಗಂಬೂಟಿನ ಮುದುಕರು, ಮಾಸ್ಟರ ಕುತ್ತಿಗೆಯ ಟೇಪು ನೋಡಿ, ಏದುಸಿರು ಬಿಡುತ್ತ. ಅವರು ಕೆಳಗಿನ ಮನೆಯ ನಿವೃತ್ತ ಬಸ್ ಕಂಡಕ್ಟರ್. "ಏನ್ಮಾಡೋದು ಹೇಳಿ ಮಾಸ್ಟ್ರೇ. ಈ ಮನೆ ಒಳ್ಳೇ ಬಾಡಿಗೆಗೆ ಹೋಯ್ತು ಅಂದ್ರೆ ಓನರ್ರು ನಮಗೂ ಏರಿಸ್ತಾರೆ. ದೆವ್ವದ ಬಿಲ್ಡಿಂಗು ಅನ್ನೋ ಹೆಸರು ಇರೋದ್ರಿಂದ್ಲೇ ನಾವೆಲ್ಲ ಈ ಊರಲ್ಲಿ ಉಸಿರಾಡ್ತಾ ಇರೋದು."

"ಹಾಗಾದ್ರೆ ಹಿಂದಿನೋರು?"

"ಓಡಿಹೋದ್ರು. ಚೆನ್ನಾಗೇ ಇದಾರೆ" ಎಂದರು ನರ್ಸಮ್ಮ. "ನಿಮ್ಮನ್ನ ಹೆದರಿಸಿದ್ದಕ್ಕೆ ಬೇಜಾರ್ ಮಾಡ್ಕೋಬೇಡಿ ಅಣ್ಣಾ. ನೀವೂ ನಮ್ಮ ಜೊತೆ ಸೇರ್ಕೊಂಡ್ಬಿಡಿ. ತಿಂಗಳಿಗೊಂದ್ಸಲ ಓನರ್ ಬಂದಾಗ, ನಿದ್ದೆನೇ ಇಲ್ಲ ಸಾರ್, ಯಾರೋ ಓಡಾಡ್ತಾರೆ ಅಂತ ಅಂದ್ರೆ ಸಾಕು."

ಮಾಸ್ಟರು ಜೀವಮಾನದಲ್ಲಿ ಮೊದಲ ಬಾರಿಗೆ ಯಾರನ್ನೂ ಕೇಳದೆ ನಿರ್ಧಾರ ಮಾಡಿದರು. ಟೆರೇಸಿನಲ್ಲಿ ನಿಂತಂತೆಯೇ ಸೂಟಿನ ಅಂಗಡಿಗೆ ಫೋನ್ ಮಾಡಿ ಹೂಂ ಅಂದರು. ಕೆಳಗಿಳಿದು ಬ್ರೋಕರನ ಕೈಗೆ ಮುಂಗಡ ಹಾಕಿ ಕೀ ಇಸಿದುಕೊಂಡರು. ಆಮೇಲೆ ಹೆಂಡತಿಗೆ ಫೋನ್ ಮಾಡಿ, "ಕಿಟಕಿ ಇದೆ ಕಣೇ, ಗಂಟು ಕಟ್ಟು" ಎಂದು ಬೀಗಿದರು.

ಹೆಂಡತಿ ಅವರಿಗಿಂತ ಚುರುಕು. ಸಂಜೆ ಬೆಳಕು ಆರುವ ಮೊದಲೇ ವಾಪಸ್ ಫೋನ್ ಬಂತು. "ರೀ, ಈ ಮನೆ ಬಿಡ್ತೀವಿ ಅಂತ ಇಲ್ಲಿನ ಓನರಿಗೆ ಹೇಳ್ಬಿಟ್ಟೆ. ಅವರ ಅಳಿಯ ಆಗ್ಲೇ ಬಂದು ಮಂಚ ಹಾಕೋಕೆ ಜಾಗ ಅಳೀತಿದಾನೆ. ನಾನು ನಾಳೆ ಹೊರಡ್ತೀನಿ."

"ಬಾ ಬಾ" ಎಂದು ಮಾಸ್ಟರು ಫೋನಿಟ್ಟು, ಬರಿಯ ನೆಲದ ಮೇಲೆ ಕಾಲು ಚಾಚಿ ಕುಳಿತರು. ಇಡೀ ಮಹಾನಗರವೇ ತಮ್ಮ ಅಳತೆಗೆ ಹೊಲಿದ ಅಂಗಿಯಂತೆ ಹಿತವಾಗಿ ಕಂಡಿತು.

ಮೇಲೆ ಹೆಜ್ಜೆಸಪ್ಪಳ ಶುರುವಾಯಿತು.

ಮಾಸ್ಟರು ನಕ್ಕರು. ಈ ಕಂಡಕ್ಟರರದ್ದು ಎಂಥ ನಿಷ್ಠೆ, ಮನೆ ಹಿಡಿದಾದ ಮೇಲೂ ಡ್ಯೂಟಿ ಬಿಟ್ಟಿಲ್ಲ! ಆದರೆ ಈ ಹೆಜ್ಜೆ ಸ್ವಲ್ಪ ಬೇರೆಯಾಗಿತ್ತು. ಭಾರವಿರಲಿಲ್ಲ. ಒಂದು ಪಾದ ಊರಿ, ಇನ್ನೊಂದನ್ನು ಎಳೆದಂತೆ ಕೇಳುತ್ತಿತ್ತು. ಸಾಕು ಮಾರಾಯರೇ, ವಿಶ್ರಾಂತಿ ತಗೊಳ್ಳಿ ಎಂದು ಹೇಳಿಬರೋಣವೆಂದು ಮಾಸ್ಟರು ಬಾಗಿಲು ತೆರೆದರು.

ಮೆಟ್ಟಿಲ ಮೇಲೆ ಕಂಡಕ್ಟರು, ನರ್ಸಮ್ಮ, ಅಜ್ಜಿ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಕಂಡಕ್ಟರ ಕಾಲು ಬರಿಗಾಲು.

"ಮಾಸ್ಟ್ರೇ, ಮೇಲಿರೋದು ನೀವಾ?" ಎಂದರು ಕಂಡಕ್ಟರು. ಮಾಸ್ಟರು ಎದುರಿಗೇ ನಿಂತಿದ್ದರೂ ಅವರಿಗೆ ಬೇರೇನೂ ಕೇಳಲು ತೋಚಲಿಲ್ಲ.

"ನಾನು ಇಲ್ಲೇ ಇದೀನಲ್ಲ! ನೀವಲ್ವಾ?"

"ನಾನು ಊಟಕ್ಕೆ ಕೂತಿದ್ದೆ. ಟೆರೇಸಿಗೆ ಆಗ್ಲೇ ಬೀಗ ಹಾಕಿದೀನಿ."

ಮಾಸ್ಟರ ಬೆನ್ನ ಹಿಂದೆ, ಅಡುಗೆಮನೆಯಿಂದ ಸಣ್ಣಗೆ ಅಳು ಕೇಳಿಸಿತು. ಎಲ್ಲರೂ ನರ್ಸಮ್ಮನತ್ತ ನೋಡಿದರು. ನರ್ಸಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ತಾನಲ್ಲವೆಂದು ತಲೆಯಾಡಿಸಿದರು.

ಕಂಡಕ್ಟರು ಮಾಸ್ಟರ ಕಿವಿಯ ಹತ್ತಿರ ಬಾಗಿ, ಸೀಟು ಕೇಳುವ ಪ್ರಯಾಣಿಕನಂತೆ ದೈನ್ಯದಿಂದ ಪಿಸುಗುಟ್ಟಿದರು.

"ನಿಮ್ಮೂರಲ್ಲಿ ನೀವು ಬಿಟ್ಟ ಮನೆ ಖಾಲಿ ಇದೆಯಾ?"

"ಇಲ್ಲ" ಎಂದರು ಮಾಸ್ಟರು, ಅಳುವುದೊಂದು ಬಾಕಿ. "ಅದಕ್ಕೆ ಜನ ಬಂದಾಯ್ತು."

ಮೇಲೆ ಟೆರೇಸಿನ ಬೀಗ ಕಳಚಿದ ಸದ್ದಾಯಿತು. ಕಂಡಕ್ಟರು ಮೆಲ್ಲಗೆ ಜೇಬು ಮುಟ್ಟಿ ನೋಡಿಕೊಂಡರು. ಕೀ ಅಲ್ಲೇ ಇತ್ತು.